ಕೀಲಿಮಣೆ ಕಳಚುವ ಟ್ಯಾಬ್ಲೆಟ್: ಒರೆಗಲ್ಲಿಗೆ ಹಚ್ಚಿ ನೋಡೋಣ

ಚಿನ್ನವನ್ನು ಕೊಳ್ಳಬಂದವನು ಅದರ ಹೊಳಪೊಂದನ್ನೇ ನೋಡಿ ಬೆಲೆ ಕಟ್ಟುವುದಿಲ್ಲ. ಅಕ್ಕಸಾಲಿಗನು ಒಡವೆಯನ್ನು ಒರೆಗಲ್ಲಿಗೆ ತೀಡಿ, ಕಲ್ಲಿನ ಮೇಲೆ ಉಳಿದ ಗೆರೆಯ ಬಣ್ಣವನ್ನು ಪರೀಕ್ಷಿಸಿ, ತಕ್ಕಡಿಯಲ್ಲಿಟ್ಟು ತೂಗಿ, ಅನಂತರವೇ ಮಾತನಾಡುತ್ತಾನೆ. ಆದರೆ ಒಡವೆಯಷ್ಟೇ ಬೆಲೆಬಾಳುವ ವಿದ್ಯುನ್ಮಾನ ಉಪಕರಣಗಳನ್ನು ಕೊಳ್ಳುವಾಗ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಅಂಗಡಿಯ ದೀಪದ ಬೆಳಕಿನಲ್ಲಿ ಮಿರುಗುವ ಲೋಹದ ಮೈಯೂ, ಜಾಹೀರಾತಿನಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾದ ಅಂಕಿಗಳೂ ನಮ್ಮ ವಿವೇಚನೆಯನ್ನು ಸುಲಭವಾಗಿ ಮರೆಮಾಡುತ್ತವೆ.

ಈಚೆಗೆ ವಿದ್ಯಾರ್ಥಿಯೊಬ್ಬನು ತರಗತಿ ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಸಾರ್, ಕೀಲಿಮಣೆಯನ್ನು ಬೇಕೆಂದಾಗ ಜೋಡಿಸಿ ಬೇಡವೆಂದಾಗ ಕಳಚಬಹುದಾದ ಟ್ಯಾಬ್ಲೆಟ್ ಕೊಳ್ಳಲೋ, ಲ್ಯಾಪ್‌ಟಾಪ್ ಕೊಳ್ಳಲೋ? ಮನೆಯಲ್ಲಿ ಒಂದಕ್ಕೆ ಮಾತ್ರ ಹಣ ಕೊಡುತ್ತಾರೆ" ಎಂದು ಕೇಳಿದನು. ಇಂಥ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸುಲಭ; ಆದರೆ ಆ ಉತ್ತರದಿಂದ ಕೇಳಿದವನಿಗೆ ಆಗುವ ಪ್ರಯೋಜನ ಕಡಿಮೆ. ಇಂದು ಹೇಳಿದ ಹೆಸರು ಬರುವ ವರ್ಷಕ್ಕೆ ಹಳೆಯದಾಗುತ್ತದೆ. ಪರೀಕ್ಷಿಸುವ ಬಗೆ ತಿಳಿದಿದ್ದರೆ ಅದು ಹಳೆಯದಾಗುವುದಿಲ್ಲ. ಆದುದರಿಂದ ಈ ಜಾತಿಯ ಒಂದು ಪ್ರಸಿದ್ಧ ಉಪಕರಣವನ್ನು ಎತ್ತಿಕೊಂಡು, ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ನಾವು ಕಲಿಯುವ ಭೌತವಿಜ್ಞಾನದ ಒರೆಗಲ್ಲಿಗೆ ಅದನ್ನು ಹಚ್ಚಿ ನೋಡೋಣ. ಬೇಕೆಂದೇ ಹಳೆಯ ಉಪಕರಣವೊಂದನ್ನು ಆರಿಸಿಕೊಂಡಿದ್ದೇವೆ. ಅದರ ಕಥೆ ಮುಗಿದಿದೆ. ಗುಣದೋಷಗಳೆರಡೂ ಬಯಲಿಗೆ ಬಂದಿವೆ.

ಎರಡು ತುಂಡುಗಳ ಯಂತ್ರ

ತೈವಾನಿನ ಆಸುಸ್ ಸಂಸ್ಥೆಯು 2011ನೆಯ ಇಸವಿಯ ಡಿಸೆಂಬರಿನಲ್ಲಿ ಟ್ರಾನ್ಸ್‌ಫಾರ್ಮರ್ ಪ್ರೈಮ್ ಎಂಬ ಟ್ಯಾಬ್ಲೆಟ್ಟನ್ನು ಮಾರಾಟಕ್ಕೆ ತಂದಿತು. ಇದಕ್ಕೆ ಮೊದಲು ಅದೇ ವರ್ಷ ಬಂದ ಟ್ರಾನ್ಸ್‌ಫಾರ್ಮರ್ ಎಂಬ ಟ್ಯಾಬ್ಲೆಟ್ಟಿನ ಬೆನ್ನು ಪ್ಲಾಸ್ಟಿಕ್ಕಿನದಾಗಿದ್ದಿತು. ಪ್ರೈಮ್ ಆದರೋ ಅಲ್ಯೂಮಿನಿಯಮ್ಮಿನ ಮೈಯನ್ನು ತೊಟ್ಟುಕೊಂಡು ಬಂದಿತು. ಅದರ ದಪ್ಪ 8.3 ಮಿಲಿಮೀಟರ್, ತೂಕ 586 ಗ್ರಾಂ, ಪರದೆಯ ಕರ್ಣ 10.1 ಅಂಗುಲ. ನಾಲ್ಕು ಮುಖ್ಯ ಗಣನಕೋಶಗಳಲ್ಲದೆ, ಹಗುರವಾದ ಕೆಲಸಗಳಿಗೆಂದು ಮಿತವ್ಯಯದ ಐದನೆಯ ಕೋಶವೊಂದನ್ನೂ ಹೊಂದಿದ್ದ ಟೆಗ್ರಾ 3 ಎಂಬ ಸಂಸ್ಕಾರಕವನ್ನು ಅಳವಡಿಸಿಕೊಂಡ ಮೊದಲ ಟ್ಯಾಬ್ಲೆಟ್ ಇದೇ. ಅಮೆರಿಕದಲ್ಲಿ 32 ಗಿಗಾಬೈಟ್ ಸಂಗ್ರಹವುಳ್ಳ ಮಾದರಿಯ ಬೆಲೆ 499 ಡಾಲರ್.

ಇದರ ವೈಶಿಷ್ಟ್ಯವೆಂದರೆ ಪ್ರತ್ಯೇಕವಾಗಿ 149 ಡಾಲರಿಗೆ ದೊರೆಯುತ್ತಿದ್ದ ಕೀಲಿಮಣೆಯ ಡಾಕ್. ಡಾಕ್ ಎಂದರೆ ಹಡಗುಕಟ್ಟೆ. ಕಡಲಿನಲ್ಲಿ ಸ್ವತಂತ್ರವಾಗಿ ತಿರುಗುವ ಹಡಗು ಕಟ್ಟೆಗೆ ಬಂದು ನಿಂತಾಗ ಅಲ್ಲಿ ಇಂಧನವನ್ನೂ ಸರಕನ್ನೂ ತುಂಬಿಕೊಳ್ಳುವಂತೆ, ಟ್ಯಾಬ್ಲೆಟ್ಟು ಈ ಕೀಲಿಮಣೆಯ ಕೀಲಿಗೆ ಬಂದು ಕಚ್ಚಿಕೊಂಡಾಗ ವಿದ್ಯುತ್ತನ್ನೂ ಯು.ಎಸ್.ಬಿ. ಕಿಂಡಿಯ ಸೌಕರ್ಯವನ್ನೂ ಪಡೆಯುತ್ತಿದ್ದಿತು. ಡಾಕಿನ ತೂಕ 537 ಗ್ರಾಂ. ಅದರೊಳಗೆ ಎರಡನೆಯದೊಂದು ಬ್ಯಾಟರಿಯೂ ಅಡಗಿದ್ದಿತು.

ಕಳಚಿದರೆ ಪುಸ್ತಕ, ಜೋಡಿಸಿದರೆ ಲ್ಯಾಪ್‌ಟಾಪ್ ಎಂಬ ಕಲ್ಪನೆ ಮನೋಹರವಾದುದು. ಆದರೆ ಎರಡು ಕೆಲಸಗಳಿಗೆ ಒಂದೇ ಯಂತ್ರವನ್ನು ಹೂಡಿದಾಗ, ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ ಆಗುವ ಭಯವೂ ಇದ್ದೇ ಇರುತ್ತದೆ. ಆದುದರಿಂದ ಒಂದೊಂದಾಗಿ ತೂಗಿ ನೋಡೋಣ.

ತೂಕ ಮತ್ತು ಸಮತೋಲ

ಮೊದಲನೆಯದು ತೂಕ. 586ಕ್ಕೆ 537ನ್ನು ಕೂಡಿದರೆ 1,123 ಗ್ರಾಂ. ಅದೇ 2011ರಲ್ಲಿ ಮಾರಾಟಕ್ಕಿದ್ದ 11 ಅಂಗುಲದ ಮ್ಯಾಕ್‌ಬುಕ್ ಏರ್ ಎಂಬ ಲ್ಯಾಪ್‌ಟಾಪಿನ ತೂಕ 1,080 ಗ್ರಾಂ. ಎಂದರೆ, ಎರಡು ತುಂಡುಗಳನ್ನೂ ಚೀಲದಲ್ಲಿ ಹೊತ್ತು ತಿರುಗುವವನು ಪೂರ್ಣಪ್ರಮಾಣದ ಲ್ಯಾಪ್‌ಟಾಪೊಂದಕ್ಕಿಂತ ತುಸು ಹೆಚ್ಚಿನ ಭಾರವನ್ನೇ ಹೊರುತ್ತಾನೆ. ಕಳಚುವ ಸೌಕರ್ಯದ ಲಾಭ ದೊರೆಯುವುದು ಒಂದು ತುಂಡನ್ನು ಮನೆಯಲ್ಲಿ ಬಿಟ್ಟು ಹೋಗುವವನಿಗೆ ಮಾತ್ರ. ಬೆಲೆಯಲ್ಲಿ ಮಾತ್ರ ಟ್ಯಾಬ್ಲೆಟ್ಟಿನ ಪಕ್ಷಕ್ಕೆ ಗೆಲವು: ಎರಡೂ ತುಂಡುಗಳಿಗೆ 648 ಡಾಲರ್, ಆ ಲ್ಯಾಪ್‌ಟಾಪಿನ ಬೆಲೆ 999 ಡಾಲರಿನಿಂದ ಆರಂಭವಾಗುತ್ತಿದ್ದಿತು.

ತೂಕ ಎಷ್ಟೆಂಬುದಕ್ಕಿಂತ ಅದು ಎಲ್ಲಿದೆ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ, ಸಂಸ್ಕಾರಕ ಮೊದಲಾದ ಭಾರವಾದ ಭಾಗಗಳೆಲ್ಲ ಕೆಳಗಿನ ಪೀಠದಲ್ಲಿರುತ್ತವೆ. ಮೇಲಿನ ಪರದೆ ಹಗುರವಾಗಿರುತ್ತದೆ. ಕಳಚುವ ಟ್ಯಾಬ್ಲೆಟ್ಟಿನಲ್ಲಿ ಇದು ತಲೆಕೆಳಗು. ಯಂತ್ರದ ಮಿದುಳು, ಬ್ಯಾಟರಿಗಳೆಲ್ಲವೂ ಪರದೆಯ ಬೆನ್ನಿಗೇ ಅಂಟಿಕೊಂಡಿರಬೇಕು. ಆದುದರಿಂದ ಅದಕ್ಕೆ ತಲೆಭಾರ. ಹಿಂದಕ್ಕೆ ಬಾಗಿಸಿದರೆ ಮಗುಚಿಕೊಳ್ಳದೆ ಇರಲು ಏನು ಮಾಡಬೇಕು?

ಸರಳವಾದ ಲೆಕ್ಕವೊಂದನ್ನು ಮಾಡೋಣ. ಎರಡು ತುಂಡುಗಳೂ ಸುಮಾರು 180 ಮಿಲಿಮೀಟರ್ ಅಗಲದವೆಂದೂ, ಪ್ರತಿಯೊಂದರ ಗುರುತ್ವಕೇಂದ್ರವೂ ಕೀಲಿನಿಂದ 90 ಮಿಲಿಮೀಟರ್ ದೂರದಲ್ಲಿದೆ ಎಂದೂ ಇಟ್ಟುಕೊಳ್ಳೋಣ. ಪರದೆಯನ್ನು ನೆಟ್ಟನೆಯ ನಿಲವಿನಿಂದ 30 ಡಿಗ್ರಿಗಳಷ್ಟು ಹಿಂದಕ್ಕೆ ಬಾಗಿಸಿದಾಗ, ಅದರ ಗುರುತ್ವಕೇಂದ್ರವು ಕೀಲಿನಿಂದ 45 ಮಿಲಿಮೀಟರ್ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಮಗುಚಿಸಲು ಯತ್ನಿಸುವ ಟಾರ್ಕು 586ನ್ನು 45ರಿಂದ ಗುಣಿಸಿದಷ್ಟು. ತಡೆಯುವ ಟಾರ್ಕು 537ನ್ನು 90ರಿಂದ ಗುಣಿಸಿದಷ್ಟು. ಎರಡನೆಯದು ದೊಡ್ಡದಾದುದರಿಂದ ಯಂತ್ರ ನಿಲ್ಲುತ್ತದೆ. ಆದರೆ ಉಳಿದಿರುವ ಅಂತರವೆಷ್ಟು? ಪರದೆಯ ಮೇಲಂಚಿನ ಹತ್ತಿರ, ಕೀಲಿನಿಂದ 170 ಮಿಲಿಮೀಟರ್ ದೂರದಲ್ಲಿ, ಬೆರಳಿನಿಂದ ಸುಮಾರು 130 ಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ ಸಾಕು, ಮುಂಭಾಗ ಮೇಲೇಳತೊಡಗುತ್ತದೆ. ಮಧ್ಯಮ ಗಾತ್ರದ ಒಂದು ಕಿತ್ತಳೆಹಣ್ಣಿನ ತೂಕಕ್ಕೆ ಸಮನಾದ ಬಲವಿದು. ಮುಟ್ಟಿ ಕೆಲಸ ಮಾಡಿಸಬೇಕಾದ ಪರದೆಗೆ ಇದು ಚಿಕ್ಕ ವಿಚಾರವಲ್ಲ.

ಡಾಕಿನೊಳಗಿನ ಎರಡನೆಯ ಬ್ಯಾಟರಿಯ ಇನ್ನೊಂದು ಪ್ರಯೋಜನ ಈಗ ಹೊಳೆಯುತ್ತದೆ. ಅದು ವಿದ್ಯುತ್ತಿನ ಉಗ್ರಾಣವೂ ಹೌದು, ಹಡಗಿನ ತಳದಲ್ಲಿ ತುಂಬುವ ಕಲ್ಲುಮರಳಿನಂತೆ ಸಮತೋಲಕ್ಕೆ ಬೇಕಾದ ಭಾರವೂ ಹೌದು. ಬೇರೆಯವರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದರು. 2012ರಲ್ಲಿ ಬಂದ ಮೈಕ್ರೋಸಾಫ್ಟಿನ ಸರ್ಫೇಸ್ ತನ್ನ ಬೆನ್ನಿಗೆ ಊರುಗೋಲೊಂದನ್ನು ಇರಿಸಿಕೊಂಡಿತು. ಮೇಜಿನ ಮೇಲೆ ಅದು ಚೆನ್ನಾಗಿ ನಿಂತರೂ ತೊಡೆಯ ಮೇಲೆ ಊರುಗೋಲಿಗೆ ನೆಲೆ ಸಿಕ್ಕುವುದು ಕಷ್ಟ. 2020ರಲ್ಲಿ ಆಪಲ್ ಸಂಸ್ಥೆಯು ಐಪ್ಯಾಡ್ ಪ್ರೋಗೆಂದು ತಂದ ಮ್ಯಾಜಿಕ್ ಕೀಬೋರ್ಡ್ ತಾನು ಹೊರಬೇಕಾದ ಟ್ಯಾಬ್ಲೆಟ್ಟಿಗಿಂತಲೂ ಭಾರವಾಗಿದ್ದಿತು. ಹೆಸರುಗಳು ಬದಲಾದರೂ ಸನ್ನೆಕೋಲಿನ ನಿಯಮ ಬದಲಾಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಬ್ಯಾಟರಿಯ ಲೆಕ್ಕ

ಇನ್ನು ಶಕ್ತಿಯ ವಿಚಾರ. ಟ್ಯಾಬ್ಲೆಟ್ಟಿನ ಬ್ಯಾಟರಿಯ ಸಾಮರ್ಥ್ಯ 25 ವಾಟ್-ಗಂಟೆ. ಒಂದು ವಾಟ್-ಗಂಟೆ ಎಂದರೆ 3,600 ಜೂಲ್. ಆದುದರಿಂದ ಒಟ್ಟು 90,000 ಜೂಲ್. 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯೊಬ್ಬನನ್ನು 150 ಮೀಟರ್ ಎತ್ತರಕ್ಕೆ ಎತ್ತಲು ಸಾಲುವಷ್ಟು ಶಕ್ತಿ ಆ ತೆಳ್ಳನೆಯ ಹಲಗೆಯೊಳಗಿದ್ದಿತು! ಡಾಕಿನ ಬ್ಯಾಟರಿಯ ಸಾಮರ್ಥ್ಯ 22 ವಾಟ್-ಗಂಟೆ.

ತಯಾರಕರ ಹೇಳಿಕೆಯಂತೆ ಟ್ಯಾಬ್ಲೆಟ್ಟು ತಾನೊಂದೇ 12 ಗಂಟೆಗಳ ಕಾಲವೂ, ಡಾಕಿನೊಡನೆ 18 ಗಂಟೆಗಳ ಕಾಲವೂ ನಡೆಯುತ್ತಿದ್ದಿತು. ಮೇಲುನೋಟಕ್ಕೆ ಈ ಎರಡು ಸಂಖ್ಯೆಗಳಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಭಾಗಾಕಾರ ಮಾಡಿ ನೋಡಿ. 25 ವಾಟ್-ಗಂಟೆಯಲ್ಲಿ 12 ಗಂಟೆ ನಡೆಯಬೇಕಾದರೆ ಯಂತ್ರದ ಖರ್ಚು ಸುಮಾರು 2.1 ವಾಟ್. ಇದೇ ದರದಲ್ಲಿ ಡಾಕಿನ 22 ವಾಟ್-ಗಂಟೆಯಿಂದ ಇನ್ನೂ ಹತ್ತೂವರೆ ಗಂಟೆ ದೊರೆಯಬೇಕಾಗಿದ್ದಿತು. ದೊರೆತದ್ದು ಆರು ಗಂಟೆ ಮಾತ್ರ. ಉಳಿದ ನಾಲ್ಕೂವರೆ ಗಂಟೆಗಳು ಎಲ್ಲಿಗೆ ಹೋದವು?

ಶಕ್ತಿಯು ನಾಶವಾಗುವುದಿಲ್ಲ; ಆದುದರಿಂದ ಅದು ಎಲ್ಲಿಯೋ ಖರ್ಚಾಗಿರಲೇಬೇಕು. ಡಾಕಿನ ಬ್ಯಾಟರಿಯು ಟ್ಯಾಬ್ಲೆಟ್ಟಿನ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತಿದ್ದಿತು. ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಸುರಿಯುವಾಗ ಸ್ವಲ್ಪ ಚೆಲ್ಲುವಂತೆ, ವೋಲ್ಟೇಜನ್ನು ಮಾರ್ಪಡಿಸುವಾಗಲೂ ಬ್ಯಾಟರಿಯನ್ನು ತುಂಬುವಾಗಲೂ ಶಕ್ತಿಯ ಒಂದು ಪಾಲು ಶಾಖವಾಗಿ ಹೋಗುತ್ತದೆ. ಕೀಲಿಮಣೆಗೂ ಅದರ ಮಂಡಲಗಳಿಗೂ ತಮ್ಮದೇ ಆದ ಖರ್ಚಿದೆ. ಇದರಲ್ಲಿ ಮೋಸವೇನೂ ಇಲ್ಲ. ಜಾಹೀರಾತಿನಲ್ಲಿಯೇ ಇದ್ದ ನಾಲ್ಕು ಸಂಖ್ಯೆಗಳಿಂದ, ಜಾಹೀರಾತು ಹೇಳದೆ ಇದ್ದ ವಿಷಯವೊಂದನ್ನು ನಾವು ತಿಳಿದುಕೊಂಡೆವು, ಅಷ್ಟೆ. ಎರಡು ಬ್ಯಾಟರಿಗಳೆಂದ ಮಾತ್ರಕ್ಕೆ ಎರಡರಷ್ಟು ಕಾಲವೆಂದು ಭಾವಿಸಬಾರದು.

ಕಣ್ಣಿಗೂ ಪರದೆಗೂ ನಡುವಣ ದೂರ

ಪ್ರೈಮಿನ ಪರದೆಯಲ್ಲಿ ಅಡ್ಡಲಾಗಿ 1,280, ಉದ್ದಲಾಗಿ 800 ಬಿಂದುಗಳಿದ್ದವು. 10.1 ಅಂಗುಲ ಕರ್ಣದ ಪರದೆಯಲ್ಲಿ ಇವುಗಳನ್ನು ಹರಡಿದರೆ, ಒಂದು ಬಿಂದುವಿನಿಂದ ಮತ್ತೊಂದಕ್ಕೆ 0.17 ಮಿಲಿಮೀಟರ್ ದೂರವಾಗುತ್ತದೆ. ಇದು ಸಾಕೇ?

ಆರೋಗ್ಯವಾದ ಕಣ್ಣು ಸುಮಾರು ಒಂದು ಮಿನಿಟಿನಷ್ಟು ಕೋನವನ್ನು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲನ್ನು, ಬೇರ್ಪಡಿಸಿ ನೋಡಬಲ್ಲುದು. 0.17 ಮಿಲಿಮೀಟರ್ ಅಂತರವು ಒಂದು ಮಿನಿಟಿನ ಕೋನವನ್ನು ಮಾಡುವುದು ಸುಮಾರು 58 ಸೆಂಟಿಮೀಟರ್ ದೂರದಲ್ಲಿ. ಅದಕ್ಕಿಂತ ದೂರದಿಂದ ನೋಡಿದರೆ ಬಿಂದುಗಳು ಒಂದರೊಡನೊಂದು ಬೆರೆತು ಅಕ್ಷರಗಳು ನುಣುಪಾಗಿ ಕಾಣುತ್ತವೆ; ಹತ್ತಿರದಿಂದ ನೋಡಿದರೆ ಅಂಚುಗಳು ಒರಟಾಗಿ ತೋರುತ್ತವೆ. ಮೇಜಿನ ಮೇಲೆ ಕೀಲಿಮಣೆಯನ್ನಿಟ್ಟು ಬರೆಯುವಾಗ ಪರದೆಯು ಕಣ್ಣಿನಿಂದ ಹೆಚ್ಚುಕಡಿಮೆ ಈ ದೂರದಲ್ಲಿಯೇ ಇರುತ್ತದೆ. ಆದರೆ ಕೀಲಿಮಣೆಯನ್ನು ಕಳಚಿ, ಪುಸ್ತಕದಂತೆ ಕೈಯಲ್ಲಿ ಹಿಡಿದು ಓದುವಾಗ ದೂರವು 35-40 ಸೆಂಟಿಮೀಟರಿಗೆ ಇಳಿಯುತ್ತದೆ.

ಆದುದರಿಂದ ಒಂದೇ ಪರದೆ ಜೋಡಿಸಿದಾಗ ಉತ್ತಮ, ಕಳಚಿದಾಗ ಸಾಧಾರಣ! ಒತ್ತಕ್ಷರಗಳೂ ಕೊಂಬುಗಳೂ ತುಂಬಿದ ಕನ್ನಡದಂಥ ಲಿಪಿಯನ್ನು ಓದುವವರಿಗೆ ಈ ವ್ಯತ್ಯಾಸವು ಇನ್ನಷ್ಟು ಎದ್ದುಕಾಣುವುದು ಸಹಜ. 2012ರಲ್ಲಿ ಇದೇ ಸಂಸ್ಥೆಯು ತಂದ ಟ್ರಾನ್ಸ್‌ಫಾರ್ಮರ್ ಪ್ಯಾಡ್ ಇನ್ಫಿನಿಟಿಯಲ್ಲಿ, ಅಷ್ಟೇ ಅಗಲದ ಪರದೆಯಲ್ಲಿ ಬಿಂದುಗಳ ಸಂಖ್ಯೆ 1,920 ಮತ್ತು 1,200ಕ್ಕೆ ಏರಿತು. ಅದೇ ಲೆಕ್ಕವನ್ನು ಮತ್ತೆ ಮಾಡಿದರೆ ದೂರವು 39 ಸೆಂಟಿಮೀಟರಿಗೆ ಇಳಿಯುತ್ತದೆ. ಎಂದರೆ ಪರದೆಯು ಆಗ ಕೈಯಲ್ಲಿ ಹಿಡಿದು ಓದಲೂ ತಕ್ಕುದಾಯಿತು.

ಲೋಹದ ಗೋಡೆ, ಆಕಾಶದ ಪಿಸುಮಾತು

ಇದುವರೆಗೆ ನೋಡಿದುವೆಲ್ಲ ಕೊಡುಕೊಳ್ಳುವಿಕೆಯ ವಿಷಯಗಳು. ಆದರೆ ಪ್ರೈಮ್ ಒಂದು ಪರೀಕ್ಷೆಯಲ್ಲಿ ಸೋತೇಹೋಯಿತು. ವಿಚಿತ್ರವೆಂದರೆ, ಸೋಲಿಗೆ ಕಾರಣವಾದದ್ದು ಅದರ ಅತ್ಯಂತ ಆಕರ್ಷಕವಾದ ಗುಣವೇ.

ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂಬುದನ್ನು ತಿಳಿಸುವ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತಗಳು ನಮ್ಮನ್ನು ತಲಪಲು ಹಿಡಿದ ಕಾಲವನ್ನು ಹೋಲಿಸಿ, ಗ್ರಾಹಕವು ನಮ್ಮ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಆದರೆ ಅಷ್ಟು ದೂರದಿಂದ ಬಂದ ಸಂಕೇತವು ಅತ್ಯಂತ ಕ್ಷೀಣವಾಗಿರುತ್ತದೆ. ಒಂದು ವಾಟನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ತೆಗೆದುಕೊಂಡು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಎಷ್ಟಾಗುತ್ತದೆಯೋ, ಬಯಲಿನಲ್ಲಿ ನಿಂತ ಗ್ರಾಹಕಕ್ಕೆ ದೊರೆಯುವ ಸಾಮರ್ಥ್ಯ ಹೆಚ್ಚುಕಡಿಮೆ ಅಷ್ಟು. ಅದು ಆಕಾಶದ ಪಿಸುಮಾತು.

ಈ ಪಿಸುಮಾತಿಗೂ ಕೇಳುವ ಕಿವಿಗೂ ನಡುವೆ ಲೋಹದ ಗೋಡೆಯನ್ನು ಕಟ್ಟಿದರೆ ಏನಾಗುತ್ತದೆ? ಸುತ್ತಲೂ ವಾಹಕದಿಂದ ಮುಚ್ಚಿದ ಕೋಣೆಯೊಳಕ್ಕೆ ಹೊರಗಿನ ವಿದ್ಯುತ್ ಪ್ರಭಾವ ಪ್ರವೇಶಿಸುವುದಿಲ್ಲವೆಂಬುದನ್ನು 1836ರಲ್ಲಿಯೇ ಮೈಕೇಲ್ ಫ್ಯಾರಡೆಯು ತೋರಿಸಿಕೊಟ್ಟನು. ರೇಡಿಯೋ ಅಲೆಗಳ ವಿಷಯದಲ್ಲಿಯೂ ಸ್ಥಿತಿ ಇಂಥದೇ. ಅಲೆಯು ಲೋಹವನ್ನು ತಾಕಿದೊಡನೆ ಅದರಲ್ಲಿರುವ ಸ್ವತಂತ್ರ ಎಲೆಕ್ಟ್ರಾನುಗಳು ಓಲಾಡಿ, ಅಲೆಯ ಬಹುಭಾಗವನ್ನು ಹಿಂದಕ್ಕೆ ಕಳುಹಿಸಿಬಿಡುತ್ತವೆ. ಒಳಹೊಕ್ಕ ಅಲ್ಪಭಾಗವೂ ಬೇಗನೆ ಸಾಯುತ್ತದೆ. ಜಿ.ಪಿ.ಎಸ್. ಅಲೆಯ ಆವರ್ತನ 1,575.42 ಮೆಗಾಹರ್ಟ್ಸ್, ತರಂಗದೂರ ಸುಮಾರು 19 ಸೆಂಟಿಮೀಟರ್. ಈ ಆವರ್ತನದಲ್ಲಿ ಅಲ್ಯೂಮಿನಿಯಮ್ಮಿನೊಳಗೆ ಒಂದು ಮಿಲಿಮೀಟರಿನ ಸಾವಿರದ ಎರಡು ಪಾಲಿನಷ್ಟು ಆಳಕ್ಕೆ ಹೋಗುವಷ್ಟರಲ್ಲಿಯೇ ಅಲೆಯ ಪಾರವು ಮೂರರಲ್ಲಿ ಒಂದು ಪಾಲಿನ ಸಮೀಪಕ್ಕೆ ಇಳಿಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿನಲ್ಲಿ ಇಂಥ ಇಳಿತ ಇನ್ನೂರಕ್ಕಿಂತ ಹೆಚ್ಚು ಸಲ ಆಗಬೇಕು. ತಗಡನ್ನು ಭೇದಿಸಿ ಬರುವ ಸಂಕೇತ ಇಲ್ಲವೆಂದೇ ಹೇಳಬಹುದು. ಸಂದುಗಳಿಂದಲೂ ಮುಂಭಾಗದ ಗಾಜಿನ ಅಂಚುಗಳಿಂದಲೂ ನುಸುಳಿ ಬಂದದ್ದಷ್ಟೇ ಲಭ್ಯ.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಪುಟ್ಟ ರೇಡಿಯೋ ಒಂದನ್ನು ಹಚ್ಚಿ, ಉಕ್ಕಿನ ಡಬ್ಬಿಯೊಳಗಿಟ್ಟು, ಬಿಗಿಯಾಗಿ ಮುಚ್ಚಳ ಹಾಕಿ ಕಿವಿಗೊಟ್ಟು ಕೇಳಿ. ಹಾಡು ಅಡಗಿ ಬರಿಯ ಸದ್ದು ಉಳಿಯುತ್ತದೆ. ಮುಚ್ಚಳವನ್ನು ತುಸು ಓರೆ ಮಾಡಿದರೆ ಹಾಡು ಮರಳಿ ಬರಬಹುದು.

ಪ್ರೈಮನ್ನು ಕೊಂಡವರು ತಮ್ಮ ಟ್ಯಾಬ್ಲೆಟ್ಟು ಉಪಗ್ರಹಗಳನ್ನು ಹಿಡಿಯಲಾರದೆಂದು ದೂರತೊಡಗಿದರು. ಲೋಹದ ಮೈಯು ಸಂಕೇತಗ್ರಹಣಕ್ಕೆ ಅಡ್ಡಿಯಾಗಬಹುದೆಂದು ಸಂಸ್ಥೆಯೇ ಒಪ್ಪಿಕೊಂಡು, ಗುಣಲಕ್ಷಣಗಳ ಪಟ್ಟಿಯಿಂದ ಜಿ.ಪಿ.ಎಸ್. ಎಂಬ ಹೆಸರನ್ನು ತೆಗೆದುಹಾಕಿತು. ಆಮೇಲೆ 2012ರಲ್ಲಿ, ಹೊರಗಿನಿಂದ ಸಿಕ್ಕಿಸಬಹುದಾದ ಚಿಕ್ಕದೊಂದು ಗ್ರಾಹಕವನ್ನು ಕೊಂಡವರಿಗೆ ಉಚಿತವಾಗಿ ಕೊಡಲು ಮುಂದಾಯಿತು. ಅದನ್ನು ಸಿಕ್ಕಿಸಬೇಕಾಗಿದ್ದುದು ಕೀಲಿಮಣೆ ಜೋಡಿಸುವ ಕಿಂಡಿಗೇ! ಅನಂತರ ಬಂದ ಇನ್ಫಿನಿಟಿಯಲ್ಲಿ ಲೋಹದ ಬೆನ್ನಿನ ಮೇಲ್ಭಾಗದಲ್ಲಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಳವಡಿಸಿ, ಅಲೆಗಳಿಗೆ ಕಿಟಕಿಯನ್ನು ತೆರೆದರು. 2010ರಷ್ಟು ಹಿಂದೆಯೇ ಆಪಲ್ ಸಂಸ್ಥೆಯು ದೂರವಾಣಿ ಜಾಲಕ್ಕೆ ಸೇರುವ ತನ್ನ ಐಪ್ಯಾಡಿನ ಅಲ್ಯೂಮಿನಿಯಮ್ ಬೆನ್ನಿನಲ್ಲಿ ಇಂಥದೇ ಕಪ್ಪು ಪಟ್ಟಿಯನ್ನು ಇಟ್ಟಿದ್ದಿತು. ನೋಡುವವರ ಕಣ್ಣಿಗೆ ಅದು ಅಂದಗೆಡಿಸುವ ತೇಪೆ. ಭೌತವಿಜ್ಞಾನವನ್ನು ಬಲ್ಲವನಿಗೆ ಅದು ಯಂತ್ರದ ಕಿವಿ.

ತೀರ್ಪು

ಹಾಗಾದರೆ ಟ್ರಾನ್ಸ್‌ಫಾರ್ಮರ್ ಪ್ರೈಮ್ ಒಳ್ಳೆಯ ಯಂತ್ರವೋ, ಕೆಟ್ಟದ್ದೋ? ಮೇಜಿನ ಮುಂದೆ ಕುಳಿತು ಹಲವು ಗಂಟೆ ಬರೆಯುವವನಿಗೆ ಅದು ಮೆಚ್ಚಬೇಕಾದ ಯಂತ್ರವಾಗಿದ್ದಿತು. ಕಳಚಿ ಕೈಯಲ್ಲಿ ಹಿಡಿದು ಸಣ್ಣಕ್ಷರಗಳನ್ನು ಓದುವವನಿಗೆ ಮಧ್ಯಮ. ದಾರಿ ಹುಡುಕುತ್ತ ಊರೂರು ತಿರುಗುವವನಿಗೆ ನಿರುಪಯೋಗಿ. ಕೆಲಸವನ್ನು ಹೇಳದೆ ತೀರ್ಪನ್ನು ಕೇಳುವುದು, ಮಾನವನ್ನು ಹೇಳದೆ ಬರಿಯ ಸಂಖ್ಯೆಯನ್ನು ಬರೆದ ಉತ್ತರದಂತೆ ಅಪೂರ್ಣ. ಪರೀಕ್ಷೆಯಲ್ಲಿ ಅಂಥ ಉತ್ತರಕ್ಕೆ ನಾವು ಅಂಕ ಕೊಡುವುದಿಲ್ಲ.

ನಮ್ಮ ವಿದ್ಯಾರ್ಥಿಗೂ ಇದನ್ನೇ ಹೇಳಿದೆವು. ದಿನದಲ್ಲಿ ಎಷ್ಟು ಗಂಟೆ ಬರೆಯುತ್ತೀಯೆ, ಎಷ್ಟು ಗಂಟೆ ಓದುತ್ತೀಯೆ ಎಂಬುದನ್ನು ಒಂದು ವಾರ ಬರೆದಿಡು. ಬರವಣಿಗೆಯೇ ಹೆಚ್ಚಾದರೆ ಕಳಚುವ ಸೌಕರ್ಯಕ್ಕೆ ಹಣ ತೆರಬೇಡ. ಓದೇ ಹೆಚ್ಚಾದರೆ ಕೀಲಿಮಣೆಯನ್ನು ಈಗಲೇ ಕೊಳ್ಳಬೇಡ. ಎರಡೂ ಸಮನಾಗಿದ್ದರೆ ಮಾತ್ರ ಈ ಜಾತಿಯ ಯಂತ್ರವನ್ನು ಯೋಚಿಸು. ಅಂಗಡಿಗೆ ಹೋದಾಗ ಕೀಲಿಮಣೆಯನ್ನು ಜೋಡಿಸಿ, ತೊಡೆಯ ಮೇಲಿಟ್ಟು, ಪರದೆಯ ಮೇಲಂಚನ್ನು ಬೆರಳಿನಿಂದ ಒತ್ತಿ ನೋಡು. ಕನ್ನಡದ ಪುಟವೊಂದನ್ನು ತೆರೆದು, ನೀನು ನಿಜವಾಗಿ ಓದುವ ದೂರದಲ್ಲಿ ಹಿಡಿದು ನೋಡು. ಎರಡು ತುಂಡುಗಳ ತೂಕವನ್ನು ಕೂಡಿ ನೋಡು. ವಾಟ್-ಗಂಟೆಗಳನ್ನು ಗಂಟೆಗಳಿಂದ ಭಾಗಿಸಿ ನೋಡು. ಬೆನ್ನು ಲೋಹದ್ದಾಗಿದ್ದರೆ ಅಲೆಗಳಿಗೆ ಕಿಟಕಿ ಎಲ್ಲಿದೆ ಎಂದು ಕೇಳು. ಕಿಟಕಿಯನ್ನು ತೋರಿಸಲಾರದೆ ಹೋದರೆ, ಅಂಗಡಿಯ ಹೊರಗಿನ ಬಯಲಿಗೆ ತಂದು ನಕ್ಷೆಯನ್ನು ತೆರೆಸಿ ನೋಡು.

ಇಷ್ಟಕ್ಕೂ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಪೆನ್ಸಿಲು ಮತ್ತು ಸಂಕೋಚವಿಲ್ಲದೆ ಪ್ರಶ್ನೆ ಕೇಳುವ ಧೈರ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಪಟ್ಟಿಯಿಂದ ಒಂದು ಹೆಸರನ್ನು ಅಳಿಸುವುದು ತಯಾರಕನಿಗೆ ಸುಲಭ. ಅಲ್ಯೂಮಿನಿಯಮ್ಮಿನ ಗುಣವನ್ನು ಅಳಿಸುವುದು ಯಾರಿಂದಲೂ ಆಗದು. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣವನ್ನು ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲನ್ನು ಹತ್ತುವ ವಿದ್ಯಾರ್ಥಿಯು ತರಗತಿಯಲ್ಲಿ ಕಲಿತ ಸನ್ನೆಕೋಲನ್ನೂ ಫ್ಯಾರಡೆಯ ಪಂಜರವನ್ನೂ ಹೊರಗೆ ಬಿಟ್ಟು ಹೋಗದಿದ್ದರೆ, ಆ ಪಾಠಗಳನ್ನು ಹೇಳಿಕೊಟ್ಟವರ ಶ್ರಮವೂ ಸಾರ್ಥಕವಾಗುತ್ತದೆ.